ಸದ್ದು ಮಾಡುವ ಎ.ಸಿ.

ಮೇಲಿನ ಮನೆಯ ಎ.ಸಿ.ಗೆ ಹದಿನಾಲ್ಕು ವರ್ಷ. ಅದರ ಗಡಗಡ ಕೆಳಗೆ ನನ್ನ ಅಡುಗೆಮನೆಯವರೆಗೂ ಕೇಳುತ್ತಿತ್ತು. ರಿಪೇರಿಯವನು ಮುಚ್ಚಳ ಬಿಚ್ಚಿ ನೋಡಿ, "ಅಮ್ಮಾ, ಇದರ ಕಥೆ ಮುಗೀತು. ಹೊಸದು ಹಾಕ್ಸಿಬಿಡಿ, ಸದ್ದೇ ಇರಲ್ಲ" ಎಂದ. ಬಾಡಿಗೆಯವರ ತಲೆಗೆ ಹಳೇ ಸಾಮಾನು ಕಟ್ಟುವ ಓನರ್ ನಾನಲ್ಲ. ಆಗಲಿ ಎಂದೆ.

ಬಾಡಿಗೆಗಿದ್ದ ಹುಡುಗಿಯೇ ಬೇಡ ಎಂದಳು. "ಇದನ್ನೇ ರಿಪೇರಿ ಮಾಡ್ಸಿ ಆಂಟಿ."

"ಬಾಡಿಗೆ ಜಾಸ್ತಿ ಮಾಡಲ್ಲಮ್ಮ."

"ಅದಕ್ಕಲ್ಲ."

ಮತ್ಯಾಕೆ ಅಂತ ಬಾಯಿ ಬಿಡಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು. ಹೊಸದು ಕೊಡುತ್ತೇನೆಂದರೂ ಮೂಗು ಮುರಿಯುವವರನ್ನು ಕಂಡದ್ದು ಇದೇ ಮೊದಲು. ಮರುದಿನ ಮಧ್ಯಾಹ್ನ ರಿಪೇರಿಯವನನ್ನೂ ಕರೆದುಕೊಂಡು ಮೆಟ್ಟಿಲು ಹತ್ತಿದೆ.

ಅವಳ ಐದು ತಿಂಗಳ ಕೂಸು ಮಂಚದ ಮೇಲೆ ಮಲಗಿತ್ತು. ರಿಪೇರಿಯವನು ಎ.ಸಿ. ಸ್ವಿಚ್ ಆರಿಸಿದ್ದೇ ತಡ, ಅದು ಬೆಚ್ಚಿಬಿದ್ದು ಉಸಿರು ಕಟ್ಟುವಂತೆ ಅಳತೊಡಗಿತು.

ಹುಡುಗಿ ಎತ್ತಿಕೊಂಡು ಹೇಳಿದಳು: "ದಿನ ತುಂಬೋ ಮುಂಚೆ ಹುಟ್ಟಿದ್ದು ಆಂಟಿ. ಎರಡು ತಿಂಗಳು ಆಸ್ಪತ್ರೇಲಿ ಗಾಜಿನ ಪೆಟ್ಟಿಗೇಲಿತ್ತು, ಸುತ್ತ ಬರೀ ಮಿಷನ್ ಸದ್ದು. ಈಗ ಸದ್ದಿಲ್ದಿದ್ರೆ ಹೆದರುತ್ತೆ. ಈ ಎ.ಸಿ. ಓಡ್ತಿದ್ರೆ ಮಾತ್ರ ನಿದ್ದೆ. ಹೇಳಿದ್ರೆ ನಗ್ತೀರೇನೋ ಅಂತ ಸುಮ್ಮನಿದ್ದೆ."

ನಗು ಎಲ್ಲಿಂದ ಬರಬೇಕು? ಅವಳ ಕಣ್ಣ ಕೆಳಗಿನ ಕಪ್ಪು ನನಗೆ ಕಂಡದ್ದೇ ಆಗ.

"ರಿಪೇರಿ ಆಗುತ್ತೇನಯ್ಯ?"

"ಒಂದು ವರ್ಷ ಓಡಿಸ್ಬಹುದು. ಅಂಗಡೀಲಿ ಎರಡು ದಿನ ಇರ್ಬೇಕು."

"ಒಂದು ವರ್ಷ ಸಾಕು. ಅಷ್ಟರೊಳಗೆ ಈ ಕೂಸೇ ಮನೆ ತುಂಬ ಸದ್ದು ಮಾಡ್ಕೊಂಡು ಓಡಾಡುತ್ತೆ. ಆದ್ರೆ ಎ.ಸಿ. ಸದ್ದು ಮಾತ್ರ ಕಡಿಮೆ ಮಾಡ್ಬೇಡ."

ಇಂಥ ಗಿರಾಕಿಯನ್ನು ಜನ್ಮದಲ್ಲೇ ಕಂಡಿಲ್ಲವೆಂಬಂತೆ ನನ್ನನ್ನು ನೋಡಿ, ಅವನು ಸ್ಕ್ರೂ ಬಿಚ್ಚತೊಡಗಿದ.

ಎರಡು ದಿನ ಕಳೆಯುವುದು ಹೇಗೆ? ಫ್ಯಾನ್ ಹಾಕಿದ್ದಾಯಿತು, ಮಿಕ್ಸಿ ತಿರುಗಿಸಿದ್ದಾಯಿತು, ಕೂಸು ಜಪ್ಪಯ್ಯ ಅಂದರೂ ಕಣ್ಣು ಮುಚ್ಚಲಿಲ್ಲ. ಹೋಗಿ ಮಲಗಮ್ಮ ಎಂದು ಹುಡುಗಿಯನ್ನು ಗದರಿ, ಕೂಸನ್ನು ಹೆಗಲಿಗೆ ಹಾಕಿಕೊಂಡು ಹಾಲ್‌ನಲ್ಲಿ ಸುತ್ತು ಹಾಕಿದೆ. ಸುತ್ತುತ್ತ ಎ.ಸಿ.ಯನ್ನು ಬೈದೆ, ರಿಪೇರಿಯವನನ್ನು ಬೈದೆ, ಫೋನ್ ಮಾಡದ ತಂಗಿಯನ್ನು ಬೈದೆ. ಒಂದೇ ಸಮ ಗೊಣಗಾಟ. ನಾಲ್ಕನೇ ಸುತ್ತಿಗೆ ಕೂಸು ಜೊಲ್ಲು ಸುರಿಸುತ್ತ ನಿದ್ದೆ ಹೋಗಿತ್ತು. ನನ್ನ ಗೊಣಗಾಟವನ್ನು ಇಷ್ಟು ನೆಮ್ಮದಿಯಿಂದ ಕೇಳಿದವರು ಈವರೆಗೆ ಯಾರೂ ಇಲ್ಲ.

ಮೂರನೇ ದಿನ ಬೆಳಿಗ್ಗೆಯೇ ಎ.ಸಿ. ಗೋಡೆಗೇರಿತು. ಗಡಗಡ ಶುರುವಾಯಿತು. ಎರಡು ದಿನ ನಿದ್ದೆ ಮಾಡಿದ್ದ ಹುಡುಗಿ ನಗುನಗುತ್ತ, "ಇನ್ನು ಕೊಡಿ ಆಂಟಿ, ನಿಮಗೆ ಕೈ ನೋವು" ಎಂದು ತೋಳು ಚಾಚಿದಳು.

"ಈಗ ತಾನೇ ಕಣ್ಣು ಮುಚ್ಚಿದೆ, ಇರ್ಲಿ ಬಿಡು" ಎಂದೆ. ಇನ್ನೆರಡು ದಿನ ತಡ ಮಾಡಿದ್ದರೆ ಅವನ ಗಂಟೇನು ಹೋಗುತ್ತಿತ್ತು ಎಂದು ರಿಪೇರಿಯವನ ಮೇಲೆ ಸಿಟ್ಟು ಬಂತು.