ಎಂಟು ನಂಬರಿನ ಬೂಟು

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಬೂಟು ಇದ್ದಷ್ಟು ಕಾಲು ಮುದುಡು ಎಂದ ಗುತ್ತೇದಾರ. ಹಿರಿಯರದು ಗಾದೆಯಾಯಿತು, ಗುತ್ತೇದಾರನದು ಗಾಯವಾಯಿತು. ಕಟ್ಟಿದ ಕತೆಯಲ್ಲ, ಬೀದರಿನ ಒಂದು ದೊಡ್ಡ ಆಸ್ಪತ್ರೆಯ ಬಾಗಿಲಲ್ಲಿ ನಡೆದದ್ದು.

ಭಾಲ್ಕಿಯ ಗುತ್ತೇದಾರ ಮಲ್ಲಿಕಾರ್ಜುನಪ್ಪ ಅಲ್ಲಿನ ಕಾವಲುಗಾರರಿಗೆಲ್ಲ ಎಂಟು ನಂಬರಿನ ಬೂಟನ್ನೇ ಕೊಡಿಸಿದ್ದ. ಒಟ್ಟಿಗೆ ಕೊಂಡರೆ ಅಗ್ಗ. ಔರಾದಿನಿಂದ ಬಸ್ಸಿಗೆ ಬರುವ ಕಾವಲುಗಾರ ಗೋರಖನಾಥನ ದೊಡ್ಡ ಪಾದ ಆ ಅಗ್ಗಕ್ಕೆ ಒಗ್ಗಲಿಲ್ಲ. ಬೆರಳು ಮಡಿಚಿ ತುರುಕಬೇಕು. ಮಳೆಗಾಲ ಮುಗಿಯುವಷ್ಟರಲ್ಲಿ ಹೆಬ್ಬೆರಳಿನ ಉಗುರು ಮಾಂಸಕ್ಕೆ ಇಳಿದಿತ್ತು. ಬ್ಲೇಡಿನಿಂದ ಮೂಲೆ ಕೆತ್ತಿದ, ಅರಿಶಿಣ ಮೆತ್ತಿದ. ಕೀವು ಸಾಕ್ಸಿಗೆ ಅಂಟಿತು.

“ದವಾಖಾನಿ ಬಾಗಿಲಾ ಕಾಯ್ತೀರಿ, ಒಳಗ ಹೋಗಲಾಕ ಏನ್ ಧಾಡಿರಿ?” ಎಂದಳು ಹೆಂಡತಿ ಅನುಸೂಯಾಬಾಯಿ.

“ಬೂಟ್ ಬಿಚ್ಚಬೇಕಾಗ್ತದ.”

“ಬಿಚ್ಚಿದ್ರ ಏನಾಯ್ತು? ಕಾಲಿನ ಬೆರಳು ಕಳ್ಳತನ ಮಾಡ್ಯಾದೇನ್ರಿ?”

ಗೋರಖನಾಥ ಬೂಟಿನ ಲೇಸು ಬಿಗಿದ. ಊರ ದೊಡ್ಡವರ ಓಣಿ ಬಂದಾಗ ಅವನ ಅಪ್ಪ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದ. ಅಪ್ಪನ ಮುಖ ನೋಡಲಾಗದೆ ಮಗ ಆ ಬರಿ ಬೆರಳುಗಳನ್ನೇ ನೋಡುತ್ತಿದ್ದ. ಯಾರ ಮುಂದೆಯೂ ಬರಿಗಾಲಾಗಲಾರೆ ಎಂದು ಅಂದೇ ಆಣೆ ಇಟ್ಟುಕೊಂಡಿದ್ದ. ಈಗ ಬಿಚ್ಚಿದರೆ ಕೊಳೆತ ಬೆರಳು. ಅದರ ಹಿಂದೆಯೇ “ಈ ಮಂದೀನೇ ಹಿಂಗ” ಎಂಬ ಮಾತು.

ಜೊತೆಗಾರ ಗೌಸೋದ್ದೀನನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವನು ಯಾರ ದನಿಯನ್ನಾದರೂ ತೆಗೆಯಬಲ್ಲ, ಗುತ್ತೇದಾರನದನ್ನು ಕೆಮ್ಮಿನ ಸಮೇತ. ಊಟಕ್ಕೂ ಬೂಟು ಬಿಚ್ಚದವನನ್ನು ಕಾಡಿಸಬೇಕೆನಿಸಿತು. ಒಂದು ಸೋಮವಾರ ವಾಕಿಟಾಕಿ ಕೆಮ್ಮಿತು: “ಗೋರಖನಾಥ, ಹೊಸಾ ಬೂಟ್ ಬಂದಾವ. ಹಳೇವು ಬಿಚ್ಚಿ ಕೈಯಾಗ ಹಿಡಕೊಂಡು ದೊಡ್ಡ ಬಾಗಿಲಿಗಿ ಬಾ.”

ನೋವು ಆಣೆಯನ್ನು ಮರೆಸಿತು. ರೋಗಿಗಳ ಸಾಲಿನ ನಡುವೆ ಅವನು ಬೂಟು ಹಿಡಿದು ಕುಂಟುತ್ತ ಬಂದ. ಸಾಲು ಮೂಗು ಮುಚ್ಚಿಕೊಂಡಿತು. ಬಾಗಿಲಲ್ಲಿ ಹೊಸ ಬೂಟಿರಲಿಲ್ಲ, ಕಿಸಿಕಿಸಿ ನಗುವ ಗೌಸೋದ್ದೀನನಿದ್ದ. ಗೋರಖನಾಥ ತಲೆ ತಗ್ಗಿಸಿದ. ಕೆಳಗೆ ಅಪ್ಪನ ಬೆರಳುಗಳೇ ಕಂಡವು.

ಗೌಸೋದ್ದೀನನ ನಗು ನಿಂತಿತು. “ಮಾಫ್ ಮಾಡೋ ಭಾಯ್. ಇಷ್ಟಾಗ್ಯಾದಂತ ಗೊತ್ತಿರಲಿಲ್ಲ.”

ಒಳಬರುತ್ತಿದ್ದ ಡಾಕ್ಟರ್ ಸೋನಾಲಿ ಅಲ್ಲೇ ಬಗ್ಗಿ ನೋಡಿದರು. “ಬಿಗಿ ಬೂಟಿಗಿ ಉಗುರು ಒಳಗ ಬೆಳದದ. ಮ್ಯಾಲ ಮೂಲಿ ಬ್ಯಾರೆ ಕೆತ್ತೀರಿ. ಮೊದಲೇ ಬಂದಿದ್ರ ಬಿಸಿನೀರು, ಸಡಿಲ ಚಪ್ಲಿ ಸಾಕಿತ್ತು. ಈಗ ಮರಗಟ್ಟೋ ಇಂಜೆಕ್ಷನ್ ಕೊಟ್ಟು ಅಂಚು ತೆಗೀಬೇಕು. ಮುಂದ ಉಗುರು ನೇರ ಕತ್ತರಿಸ್ರಿ.”

ಆಗಲೇ ಕಾರಿನಿಂದ ಅಸಲಿ ಮಲ್ಲಿಕಾರ್ಜುನಪ್ಪ ಇಳಿದ. “ಬೂಟ್ ಕೈಯಾಗ ಯಾಕ? ಹಾಕ್ಕೋ, ಇಲ್ಲಂದ್ರ ಇವತ್ತು ಹಾಜರಿ ಇಲ್ಲ. ಕಾಲ್ ತೊಳಕೊಳ್ಳಾಕ ಬರಲ್ಲ, ಬೂಟಿಗಿ ಹೆಸರಿಡ್ತಾರ.”

ಗೌಸೋದ್ದೀನ ತನ್ನ ಬೂಟು ಕಳಚಿದ. ಕಿರುಬೆರಳಿನ ಮೇಲೆ ಕಡಲೆಕಾಳಿನಷ್ಟು ಆಣಿ. ವಾಕಿಟಾಕಿ ಎತ್ತಿ, ಗುತ್ತೇದಾರನ ಕಣ್ಣೆದುರೇ ಗುತ್ತೇದಾರನಂತೆ ಕೆಮ್ಮಿದ: “ಎಲ್ಲಾ ಗೇಟಿನೋರೂ ಬೂಟ್ ಬಿಚ್ಚಿ ಕೈಯಾಗ ಹಿಡಕೊಂಡು ಬರ್ರಿ. ಜಲ್ದಿ.”

ಬಂದರು. ಒಬ್ಬನ ಉಗುರು ಕಪ್ಪಿಟ್ಟಿತ್ತು. ಇನ್ನೊಬ್ಬನ ಬೆರಳು ಒಂದರ ಮೇಲೊಂದು ಏರಿತ್ತು. ಹೆಂಗಸರ ವಾರ್ಡು ಕಾಯುವ ಮಹಾಮಾಯಾಳಿಗೆ ಬೂಟು ಸಡಿಲ, ನೀರು ನುಗ್ಗಿ ಬೆರಳ ಸಂದಿಯೆಲ್ಲ ಬೆಳ್ಳಗೆ ಹುಣ್ಣು.

“ನಾ ಯಾರಿಗೂ ಕರದಿಲ್ಲ,” ಎಂದ ಮಲ್ಲಿಕಾರ್ಜುನಪ್ಪ.

“ನಿಮ್ದೇ ಆವಾಜ್ ಇತ್ತಲ್ರಿ ಸಾವ್ಕಾರ್ರ.” ಮಹಾಮಾಯಾ ಬೂಟನ್ನು ಅವನ ಕಾರಿನ ಮೇಲಿಟ್ಟಳು. “ನಮ್ಮ ಅಳತಿವು ಬರೂತನಕ ಇವು ನಿಮ್ಮಲ್ಲೇ ಇರ್ಲಿ.”

ಒಬ್ಬೊಬ್ಬರಾಗಿ ಎಲ್ಲರೂ ಇಟ್ಟರು. ಅಷ್ಟೂ ಜನ ಬರಿಗಾಲು, ಒಬ್ಬರದೂ ತಲೆ ತಗ್ಗಿರಲಿಲ್ಲ. ಗೋರಖನಾಥನೂ ತನ್ನ ಜೋಡು ಇಟ್ಟ. ಮಲ್ಲಿಕಾರ್ಜುನಪ್ಪ ಸಿಟ್ಟಿಗೆ ಕೆಮ್ಮತೊಡಗಿದ. ಪಕ್ಕದಲ್ಲೇ ಗೌಸೋದ್ದೀನನದೂ ಅದೇ ಕೆಮ್ಮು. ರೋಗಿಗಳ ಸಾಲು ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಗೋರಖನಾಥ, ನೋಯುವ ಬೆರಳನ್ನು ನೆಲಕ್ಕೆ ತಾಗಿಸದೆ, ಒಂಟಿ ಕಾಲಲ್ಲಿ ನಿಂತು.