ಉತ್ತರ ಕೊಡುವಷ್ಟು ಹೊತ್ತು

ನೀರಿನ ಲೋಟದ ಮೇಲೆ ಮುಚ್ಚಿದ ತಟ್ಟೆ ಅದುರುತ್ತಿದೆ, ತಟ್ಟೆ ಅದುರುವುದು ಮೇಜು ಅದುರುವುದಕ್ಕೆ, ಮೇಜು ಅದುರುವುದು ಭಾಷಣ ಮಾಡುತ್ತಿರುವ ಭೂತಪ್ಪ ಮಾತಿಗೊಂದು ಸಲ ಅದನ್ನು ಗುದ್ದುವುದಕ್ಕೆ — ಮಹನೀಯರೇ, ಸ್ವರಾಜ್ಯವೆಂದರೇನು, ಗುದ್ದು, ಸ್ವರಾಜ್ಯವೆಂದರೆ ಮಹನೀಯರೇ, ಇನ್ನೊಂದು ಗುದ್ದು — ಹೀಗೇ ಗುದ್ದುತ್ತ ಹೋದರೆ ಲೋಟ ಉರುಳಿ ನನಗೆ ಕುಡಿಯಲು ನೀರೇ ಇರುವುದಿಲ್ಲ ಎಂದುಕೊಂಡಳು ಬಂಗಾರಮ್ಮ, ಮುಂದಿನ ಸರದಿ ಅವಳದು, ಹುಡುಗಿಯರಿಗೆಂದು ಗೋಡೆಗೆ ಒತ್ತರಿಸಿದ ಬೆಂಚಿನಲ್ಲಿ ಈ ಸಾಯಂಕಾಲ ಅವಳೊಬ್ಬಳೇ, ಮುಷ್ಟಿಯೊಳಗೆ ಬೆವರಿಗೆ ನೆಂದ ಚೀಟಿ, ಡಬ್ಬಿಯಿಂದ ಅವಳೇ ಎತ್ತಿಕೊಂಡ ವಿಷಯ, ರೇಡಿಯೋದಿಂದ ಲೋಕಕ್ಕೆ ಉಪಕಾರವೋ ಅಪಕಾರವೋ, ಉಪಕಾರವೆಂದೇ ಹೇಳುವುದು, ಯುದ್ಧದ ಸುದ್ದಿ ತಿಳಿಯುತ್ತದೆ, ಸಂಗೀತ ಕೇಳಿಸುತ್ತದೆ, ಆಮೇಲೆ, ಆಮೇಲೆ ಏನೋ ಒಂದು ಹೊಳೆದಿತ್ತು — ಆರಂಭ, ನಿರೂಪಣೆ, ಉಪಸಂಹಾರ, ಜನಾರ್ದನ ಮೇಷ್ಟ್ರು ಕಲಿಸಿದ ಮೆಟ್ಟಿಲುಗಳು, ಅಗೋ ಮೇಷ್ಟ್ರು ಬೆಲ್ಲಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಾರೆ, ಕಣ್ಣು ಮಾತ್ರ ಇವಳ ಕಡೆ, ಬೆಳಿಗ್ಗೆ ಕಾಲೇಜಿನ ವರಾಂಡದಲ್ಲಿ ನಿಲ್ಲಿಸಿ ಹೇಳಿದ್ದರು, ನೋಡಮ್ಮ, ಇವತ್ತು ಗೆದ್ದವರನ್ನ ಮೈಸೂರಿಗೆ ಕಳಿಸಬೇಕು, ಯೂನಿವರ್ಸಿಟಿ ಸ್ಪರ್ಧೆಗೆ, ನಮ್ಮ ಶಿವಮೊಗ್ಗದಿಂದ ಒಂದು ಹೆಣ್ಣುಮಗು ಹೋದರೆ ನನಗೂ ಸಂತೋಷ, ಆದರೆ ತಾಯಿ ತೀರಿಕೊಂಡಾಗಿನಿಂದ ನೀನು ಎದ್ದು ನಿಂತಾಗಲೆಲ್ಲ ಬಾಯಿ ತೆರೆದು ಹಾಗೇ ನಿಂತುಬಿಡ್ತೀಯ, ಇವತ್ತೂ ಹಾಗೇ ಆದರೆ ಇನ್ನೊಬ್ಬರ ಹೆಸರು ಕಳಿಸದೆ ನನಗೆ ಬೇರೆ ದಾರಿ ಇಲ್ಲ, ಹೆದರಬೇಡ, ಜನರ ಮುಖ ನೋಡಬೇಡ, ಹಾಲಿನ ಕೊನೆಯ ಬಾಗಿಲು ನೋಡು, ಬಾಗಿಲಿಗೆ ಮಾತಾಡು, ದನಿ ತಾನಾಗಿ ಅಲ್ಲಿವರೆಗೂ ಹೋಗ್ತದೆ. ಅಯ್ಯೋ ಮೇಷ್ಟ್ರೇ, ನೋಡಲಾಗದ್ದು ಆ ಬಾಗಿಲನ್ನೇ ಎಂದು ನಿಮಗೆ ಹೇಗೆ ಹೇಳಲಿ, ಜನರಾದರೆ ಎಷ್ಟೋ ವಾಸಿ, ಎಲ್ಲಿ ನಿಂತರೂ ಕೊನೆಯ ಬಾಗಿಲಲ್ಲಿ ಅವ್ವ ನಿಂತಿರುತ್ತಾಳೆ, ಹೊಸ್ತಿಲಾಚೆ, ಒಳಗೆ ಬಾರದೆ, ಗದ್ದದ ಕೆಳಗಿಂದ ಎರಡು ಕೆನ್ನೆಯನ್ನೂ ಬಳಸಿ ಮೇಲಕ್ಕೆ ಎಳೆದು ಕಟ್ಟಿದ ಬಿಳಿ ಬಟ್ಟೆ, ನೆತ್ತಿಯ ಮೇಲೆ ಗಂಟು. ಬಂಗಾರಮ್ಮ ಕಣ್ಣನ್ನು ಲೋಟದಿಂದ ಕದಲಿಸಲಿಲ್ಲ.

ಭೂತಪ್ಪ ಸುಮ್ಮನಾದ, ಮರೆತು ಸುಮ್ಮನಾದದ್ದಲ್ಲ, ಅದು ವಿರಾಮ, ಪ್ರಶ್ನೆ ಕೇಳಿದ ಮೇಲೆ ವಿರಾಮ ಕೊಡಬೇಕು, ಮನಸ್ಸಿನಲ್ಲೇ ಒಂದು ಎರಡು ಎಣಿಸಿ ಮುಂದಕ್ಕೆ ಹೋಗಬೇಕು ಎಂದು ಮೇಷ್ಟ್ರು ಯಾವುದೋ ಇಂಗ್ಲಿಷ್ ಪುಸ್ತಕ ನೋಡಿ ಹೇಳಿಕೊಟ್ಟಿದ್ದರು, ಅದನ್ನು ಇವಳು ಭದ್ರಾವತಿಯ ಮನೆಗೆ ಹೋಗಿ ದೊಡ್ಡ ವಿದ್ಯೆಯೆಂಬಂತೆ ಅವ್ವನಿಗೆ ಹೇಳಿದಾಗ ರೊಟ್ಟಿ ತಟ್ಟುತ್ತಿದ್ದ ಅವ್ವ ಕೈ ನಿಲ್ಲಿಸಿ ನಕ್ಕಿದ್ದಳು, ಒಂದು ಎರಡು ಅಂತ ಎಣಿಸಿದ್ರೆ ಆಗ್ತದೇನೇ ಮಾರಾಯ್ತಿ, ಕೇಳಿದ್ ಮ್ಯಾಲೆ ಅವ್ರು ಉತ್ರ ಕೊಡೋವಷ್ಟು ಹೊತ್ತು ಸುಮ್ನಿರ್ಬೇಕು. ಯಾರವ್ವ ಉತ್ರ ಕೊಡೋದು, ಸತ್ತೋರಾ. ಹೂಂ ಮತ್ತೆ, ಕೊಡಲ್ಲ ಅಂತ ನಂಗೂ ಗೊತ್ತು, ಕೊಡ್ಲಿ ಬಿಡ್ಲಿ, ಕಾಯ್ಬೇಕು, ಕಾಯ್ಲಿಲ್ಲ ಅಂದ್ರೆ ಅದು ಕೇಳಿದಂಗಲ್ಲ. ಕಾರ್ಖಾನೆಯ ಲೈನುಮನೆಗಳಲ್ಲಿ ಯಾರು ತೀರಿಕೊಂಡರೂ ಮೊದಲು ಓಡಿಬರುತ್ತಿದ್ದದ್ದು ಅವ್ವನ ಬಾಗಿಲಿಗೆ, ಯಲ್ಲಮ್ಮಾ ಬಾರೇ, ಅತ್ತು ಹೇಳೋರಿಲ್ಲ ಬಾರೇ, ಅವ್ವ ಹೋಗಿ ಹೆಣದ ಎದುರು ಕೂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈಯನ್ನು ಹೆಣದ ಎದೆಯ ಮೇಲಿಟ್ಟಳೆಂದರೆ ಮುಗಿಯಿತು, ಮಾತು ಹಾಡಾಗಿ ಹೊರಡುತ್ತಿತ್ತು, ಸತ್ತವರನ್ನು ಹೆಸರು ಹಿಡಿದು ಕರೆದು, ಅವರು ದುಡಿದದ್ದು ಉಂಡದ್ದು ಬೈದದ್ದು ಒಂದೊಂದನ್ನೂ ಎತ್ತಿ ಆಡಿ, ನಿನ್ ಎಮ್ಮೆ ಇನ್ಯಾರ್ ಕೈಗೆ ಹಾಲು ಬಿಡ್ತದೋ ನಮ್ಮಣ್ಣಾ ಎಂದು ಕೇಳಿ, ಸುಮ್ಮನಾಗಿ, ಆ ಸುಮ್ಮನಾದಲ್ಲೇ ಅಂಗಳದ ಗಂಡಸರು ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದರು, ಕುಡುಕ ಕರಿಯಣ್ಣ ಸತ್ತಾಗ ಅವ್ವ, ನೀನೇನೋ ಹೋದೆ, ಹೆಂಡದಂಗಡಿಯೋನ್ ಹೆಂಡ್ತಿ ಮಕ್ಳಿಗೆ ಇನ್ಯಾರೋ ದಿಕ್ಕು ಎಂದು ಅತ್ತದ್ದಕ್ಕೆ ಕರಿಯಣ್ಣನ ಹೆಂಡತಿಯೇ ಅಳುವಿನ ನಡುವೆ ಕಿಸಕ್ಕನೆ ನಕ್ಕು ಮತ್ತೆ ಎರಡರಷ್ಟು ಅತ್ತಳಲ್ಲ, ಹಿಂದಿನ ಸಾಲಿನ ತಮಿಳರ ಮನೆಗಳಿಂದಲೂ ಕರೆ ಬರುತ್ತಿತ್ತು, ಮಾತು ಅರ್ಥವಾಗದಿದ್ದರೂ ಅವರು ಎದೆ ಬಡಿದುಕೊಂಡು ಅಳುತ್ತಿದ್ದರು, ಚಿಕ್ಕಂದಿನಲ್ಲಿ ಬಂಗಾರಿ ಇದೆಲ್ಲವನ್ನೂ ಅವ್ವನ ಬೆನ್ನಿಗೆ ಅಂಟಿ ಕೂತು ಕೇಳಿದವಳು, ಕಿವಿಯಿಂದಲ್ಲ, ತನ್ನ ಎದೆಯಿಂದ ಕೇಳಿದವಳು, ದನಿ ಮೊದಲು ಅವ್ವನ ಬೆನ್ನೊಳಗೆ ನಡುಗಿ ಆಮೇಲೆ ಬಾಯಿಗೆ ಬರುತ್ತಿತ್ತು — ಅದೇ ನಡುಕ ಇವಳ ದನಿಯಲ್ಲೂ ಇತ್ತು, ಮೇಷ್ಟ್ರು ಮೊದಲ ದಿನವೇ ಹಿಡಿದುಬಿಟ್ಟರು, ಕಂಠ ಚೆನ್ನಾಗಿದೆಯಮ್ಮ, ಆದರೆ ಆ ಅಳುವ ರಾಗ ಬಿಡಬೇಕು, ವೇದಿಕೆಯ ಮೇಲೆ ದನಿ ನಡುಗಬಾರದು, ಬಿಡಿಸಿದರು, ಪಾಪ, ತಮ್ಮ ಸಾಯಂಕಾಲಗಳನ್ನೆಲ್ಲ ಸುರಿದು ಬಿಡಿಸಿದರು, ಇವಳೂ ಹಟ ತೊಟ್ಟು ಬಿಟ್ಟಳು, ಭದ್ರಾವತಿಗೆ ಹೋಗಿ ಬರುವ ರೈಲಿನಲ್ಲಿ ಚಕ್ರದ ಸದ್ದಿಗೆ ಎದುರು ನಿಂತು ಮಹನೀಯರೇ ಮಹನೀಯರೇ ಎಂದು ಒದರಿ ಒದರಿ ದನಿಯನ್ನು ಇಸ್ತ್ರಿ ಹಾಕಿದ ಬಟ್ಟೆಯ ಹಾಗೆ ನೇರ ಮಾಡಿಕೊಂಡಳು. ಆ ವರ್ಷ ಕಾಲೇಜಿನ ಬಹುಮಾನವೂ ಬಂತು.

ರೇಡಿಯೋ, ರೇಡಿಯೋ ಮರೆಯಬಾರದು — ಬಹುಮಾನದ ದಿನ ಅವ್ವ ಬಂದಿದ್ದಳು, ಮದುವೆಗೆ ಉಡುವ ಸೀರೆ ಉಟ್ಟು, ಸಭೆಯಲ್ಲಿ ಕೊನೆಯ ಬಾಗಿಲ ಬಳಿ ನಿಂತುಕೊಂಡೇ ಮಗಳ ಭಾಷಣ ಕೇಳಿ, ಕುರ್ಚಿ ಇತ್ತಲ್ಲವ್ವ ಅಂದರೆ, ಇರ್ಲಿ ಬಿಡೇ, ನಿಂತ್ರೆ ನಿನ್ ಮುಖ ಕಾಣ್ತದೆ — ಆಮೇಲೆ ಇಬ್ಬರೂ ಪಾರ್ಕಿಗೆ ಹೋಗಿ ಕಂಬಕ್ಕೆ ಕಟ್ಟಿದ ರೇಡಿಯೋದ ಕೆಳಗೆ ಕಡಲೆಪುರಿ ತಿನ್ನುತ್ತ ನಿಂತಿದ್ದರು, ಯಾರೋ ಒಬ್ಬ ಗಂಭೀರವಾಗಿ ಯುದ್ಧದ ಸುದ್ದಿ ಓದುತ್ತಿದ್ದ, ಎಲ್ಲೆಲ್ಲೋ ಹಡಗು ಮುಳುಗಿದ್ದು, ಇಷ್ಟು ಜನ ಸತ್ತದ್ದು, ಅವ್ವ ಬಾಯಿ ಆಡಿಸುವುದನ್ನು ನಿಲ್ಲಿಸಿದಳು, ಯಾರೇ ಅವ್ನು, ಎಲ್ಲಿ ಕೂತವ್ನೆ. ಎಲ್ಲೋ ದೂರದ ಊರಲ್ಲಿ ಕಣವ್ವ. ಅವ್ನೆದುರಿಗೆ ಯಾರವ್ರೆ. ಯಾರೂ ಇಲ್ಲ, ಒಂದು ಯಂತ್ರ ಇರ್ತದಂತೆ, ಅದಕ್ಕೆ ಹೇಳ್ತಾನೆ. ಅವ್ವ ಬಹಳ ಹೊತ್ತು ಆ ಕಂಬವನ್ನೇ ನೋಡಿದಳು, ಅಷ್ಟ್ ಜನ ಸತ್ತವ್ರೆ ಅಂತಾನೆ, ಒಬ್ರ ಮುಖಾನೂ ಕಾಣ್ದೆ ಹೆಂಗ್ ಹೇಳ್ತಾನೋ, ಪಾಪ. ನಗು ಬಂದಿತ್ತು ಆಗ, ಅವ್ವನ ಪೆದ್ದುತನವನ್ನು ನಾಳೆ ಗೆಳತಿಯರಿಗೆ ಹೇಳಿ ನಗಿಸಬೇಕು ಎನಿಸಿತ್ತು, ಆಗಲೇ ಅವ್ವ ಕಡಲೆಪುರಿಯ ಕೈಯನ್ನು ಸೀರೆಗೆ ಒರೆಸಿಕೊಂಡು ಹಗುರವಾಗಿ, ಪೇಟೆಯಿಂದ ಉಪ್ಪು ತಾ ಎನ್ನುವಷ್ಟೇ ಹಗುರವಾಗಿ, ನಾನ್ ಹೋದಾಗ ನೀನೇ ಅಳ್ಬೇಕು ಕಣೇ ಬಂಗಾರಿ, ಊರೋರಿಗೆಲ್ಲ ನಾನ್ ಅತ್ತಿದೀನಿ, ನಂಗ್ಯಾರವ್ರೆ. ಥೂ, ಬಿಡ್ತು ಅನ್ನವ್ವ. ಬಿಡ್ತು ಬಿಡ್ತು, ಆದ್ರೂ ಹೇಳಿರ್ತೀನಿ, ಇವತ್ತು ಆಡಿದ್ಯಲ್ಲ ಆ ರಾಗ ಬ್ಯಾಡ, ನನ್ ಮುಖ ನೋಡಿ ಕೇಳು, ನಾನ್ ಕೇಳಿಸ್ಕಂತೀನಿ. ಹೂಂ ಅಂದಿದ್ದಳು ಬಂಗಾರಿ, ಆ ಮಾತು ಮುಗಿದರೆ ಸಾಕಾಗಿ.

ಬೆಲ್ಲು ಹೊಡೆಯಿತು, ಭೂತಪ್ಪನಿಗೆ ಮುಗಿಸು ಎಂದು ಬೆಲ್ಲು — ಅವ್ವ ಹೋದ ದಿನ ಹೊಡೆದದ್ದು ಬೆಲ್ಲಲ್ಲ, ಕಾರ್ಖಾನೆಯ ಕೂಗು, ಅದಕ್ಕೂ ಮುಂಚೆ ಚಳಿಜ್ವರ, ಅವ್ವ ಎರಡು ಕಂಬಳಿಯೊಳಗೆ ನಡುಗಿ ನಡುಗಿ ಒಂದು ಮುಂಜಾನೆ ನಡುಗುವುದನ್ನು ಬಿಟ್ಟಳು, ಬಾಯಿ ತೆರೆದೇ ಇತ್ತು, ಏನೋ ಹೇಳಹೊರಟವಳ ಹಾಗೆ, ಪಕ್ಕದ ಮನೆಯ ಲಿಂಗಮ್ಮ ಅಪ್ಪನ ಹಳೆಯ ಪಂಚೆಯಿಂದ ಒಂದು ಪಟ್ಟಿ ಹರಿದು ಕೊಟ್ಟು, ಮೈ ಸೆಟೆಯೋಕ್ ಮುಂಚೆ ಕಟ್ಟಮ್ಮ, ಮಗಳೇ ಕಟ್ಬೇಕು, ಇವಳು ಕಟ್ಟಿದಳು, ಗದ್ದದಿಂದ ನೆತ್ತಿಗೆ, ಕೈಗೆ ಎಲ್ಲಿಂದಲೋ ಬಲ ಬಂದು ಎಳೆದು ಎಳೆದು ಕಟ್ಟಿದಳು, ಸಡ್ಲ ಕಟ್ಟೇ ಮಗಾ, ನೋಯ್ತದೆ, ಅಂದಳು ಲಿಂಗಮ್ಮ, ಆಮೇಲೆ ನೀನೇ ಬಿಚ್ಬೇಕು. ಅವರ ಕೇರಿಯ ರೂಢಿ ಅದು, ಮಗಳು ಮೊದಲು ಹೆಸರು ಹಿಡಿದು ಕರೆದು ಅಳಬೇಕು, ಅತ್ತ ಮೇಲೆ ತನ್ನ ಕೈಯಾರೆ ಗಂಟು ಬಿಚ್ಚಿ ತಾಯಿಯ ಬಾಯನ್ನು ಬಿಟ್ಟುಕೊಟ್ಟು ಕಳಿಸಬೇಕು, ಅಳದೆ ಗಂಟಿಗೆ ಕೈ ಹಾಕುವ ಹಾಗಿಲ್ಲ, ಬಾಯಿ ಕಟ್ಟಿಕೊಂಡೇ ಮಣ್ಣಿಗೆ ಹೋದವಳು ಹೇಳಬೇಕಾದ್ದನ್ನು ಹೇಳಲಾರದೆ ಹೊಸ್ತಿಲಾಚೆಯೇ ನಿಂತಿರುತ್ತಾಳೆ ಎನ್ನುತ್ತಾರೆ. ಅಂಗಳ ತುಂಬಿತ್ತು, ಅವ್ವ ಯಾರ್ಯಾರ ಮನೆಯಲ್ಲಿ ಅತ್ತಿದ್ದಳೋ ಅವರೆಲ್ಲ, ತಮಿಳು ಹೆಂಗಸರೂ, ಎಲ್ಲರೂ ಇವಳ ಬಾಯಿ ನೋಡುತ್ತ, ಅಳೇ ಮಗಾ, ಕಾಲೇಜಲ್ಲಿ ಅಷ್ಟೊಂದು ಮಾತು ಕಲ್ತಿದೀಯಂತೆ, ಯಲ್ಲಮ್ಮನ್ ಮಗಳಲ್ವೇನೇ ನೀನು — ಅವಳು ಅವ್ವನ ಎದೆಯ ಮೇಲೆ ಕೈಯಿಟ್ಟಳು, ಉಸಿರು ಎಳೆದುಕೊಂಡಳು, ಎಲ್ಲಿತ್ತೋ ಆ ದನಿ, ಸ್ಪಷ್ಟವಾಗಿ, ಸ್ವಲ್ಪವೂ ನಡುಗದೆ, ಕೊನೆಯ ಸಾಲಿಗೂ ಕೇಳಿಸುವ ಹಾಗೆ, ನಮ್ಮ ತಾಯಿಯವರಾದ ಯಲ್ಲಮ್ಮನವರು ಎಂದು ಹೊರಟಿತು, ಬಲಗೈ ತಾನಾಗಿ ಎದೆಯಿಂದ ಎದ್ದು ಮೇಷ್ಟ್ರು ಕಲಿಸಿದಷ್ಟೇ ಎತ್ತರಕ್ಕೆ ನಿಂತಿತು. ಅಪ್ಪ ಚೌಡಪ್ಪ ಮೂಲೆಯಿಂದ ತಲೆ ಎತ್ತಿ, ಆಫೀಸಿನಿಂದ ಬಂದವರನ್ನು ನೋಡುವ ಹಾಗೆ, ಸ್ವಲ್ಪ ಹೆದರಿ, ಮಗಳನ್ನು ನೋಡಿದ, ಅಷ್ಟರಲ್ಲಿ ಕೂಗು, ಪಾಳಿಯ ಕೂಗು, ಹೆಗಲು ಕೊಡಲು ಬಂದವರಲ್ಲಿ ಅರ್ಧ ಜನ ಆ ಪಾಳಿಯವರೇ, ಹೊತ್ತಾಯ್ತು ಎತ್ರಪ್ಪ ಅಂದರು ಯಾರೋ, ಅಯ್ಯೋ ಗಂಟು ಎಂದಳು ಲಿಂಗಮ್ಮ, ಇವಳು ಅತ್ತಿರಲಿಲ್ಲ, ಕೈ ಮೇಲಕ್ಕೆ ಹೋಗಲಿಲ್ಲ, ಎತ್ತಿದರು, ಅವ್ವ ತಲೆಯನ್ನು ಅತ್ತ ಇತ್ತ ಆಡಿಸುತ್ತ ಹೋದಳು. ಕೇರಿಯ ತಿರುವಿನವರೆಗೂ ಆ ಬಿಳಿ ಗಂಟು ಕಾಣುತ್ತಿತ್ತು.

ಕುಮಾರಿ ಬಂಗಾರಮ್ಮ, ಎಂದು ಕೂಗಿದರು, ಚಪ್ಪಾಳೆ, ಹಿಂದಿನ ಬೆಂಚಿನಿಂದ ಯಾರದೋ ಒಂದು ಸಣ್ಣ ಶಿಳ್ಳೆ, ಮೆಟ್ಟಿಲು, ಮೇಜು, ಲೋಟದಲ್ಲಿ ನೀರು ಇನ್ನೂ ಇದೆ, ಒಂದು ಗುಟುಕು, ತಟ್ಟೆ ಮುಚ್ಚು, ಮಾನ್ಯ ಅಧ್ಯಕ್ಷರೇ ಎನ್ನಬೇಕು, ಮೇಷ್ಟ್ರು ಗದ್ದ ಎತ್ತಿ ಸನ್ನೆ ಮಾಡುತ್ತಿದ್ದಾರೆ, ಬಾಗಿಲು, ಬಾಗಿಲು ನೋಡು — ನೋಡಿದಳು, ನಿಂತಿದ್ದಾಳೆ, ಮದುವೆಗೆ ಉಡುವ ಸೀರೆಯಲ್ಲೇ, ಹೊಸ್ತಿಲಾಚೆ, ನಿಂತರೆ ನಿನ್ನ ಮುಖ ಕಾಣುತ್ತದೆ ಎಂದವಳು, ಕಣ್ಣು ಇವಳ ಬಾಯಿಯ ಮೇಲೆ, ಮಾನ್ಯ ಎನ್ನಲು ತುಟಿ ಕೂಡಿತು, ದನಿ ಇಲ್ಲ, ಹಾಲಿನಲ್ಲಿ ಗುಸುಗುಸು, ಮತ್ತೆ ಹಾಗೇ ಆಯಿತು ಎಂದು ಯಾರೋ, ಆಯಿತು, ಮೈಸೂರೂ ಹೋಯಿತು, ಎಲ್ಲ ಹೋಯಿತು — ಆಗ ಬೆನ್ನಿನಲ್ಲಿ ನಡುಗಿತು, ಬಾಯಲ್ಲಲ್ಲ, ಮೊದಲು ಬೆನ್ನಿನೊಳಗೆ, ಚಿಕ್ಕಂದಿನಲ್ಲಿ ಅಂಟಿ ಕೂತಾಗ ನಡುಗುತ್ತಿದ್ದಂತೆಯೇ, ಅಲ್ಲಿಂದ ಹತ್ತಿ ಗಂಟಲಿಗೆ ಬಂದು, ಯವ್ವಾ — ತನ್ನದೇ ದನಿಯೇ ಇದು, ಉದ್ದಕ್ಕೆ ಎಳೆದ ದನಿ, ಗುಸುಗುಸು ಕತ್ತರಿಸಿ ಬಿತ್ತು — ಯವ್ವಾ ಯಲ್ಲವ್ವಾ, ಊರೋರಿಗೆಲ್ಲ ಬಾಯಾದೋಳೇ, ಕಂಬದ್ ಕೆಳಗೆ ಕಡಲೆಪುರಿ ತಿಂದ್ಕೊಂಡು ಯಾರೋ ಕಾಣದೋರಿಗೆ ಪಾಪ ಅಂದೋಳೇ, ನಿನ್ ರೊಟ್ಟಿ ಹಂಚು ಮಗುಚಾಕಿದೀನಿ ಕಣೇ ಯವ್ವಾ, ಅಪ್ಪ ಒಂದ್ ಹೊತ್ತು ಉಂಡು ಏಳ್ತಾನೆ ಕಣೇ — ಮೇಷ್ಟ್ರು ಅರ್ಧ ಎದ್ದಿದ್ದಾರೆ, ಬೆಲ್ಲಿನ ಮೇಲೆ ಬೆರಳಿಲ್ಲ, ಮುಂದಿನ ಸಾಲಿನಲ್ಲಿ ಭೂತಪ್ಪ ಬಾಯಿ ಬಿಟ್ಟುಕೊಂಡು ಕೂತಿದ್ದಾನೆ, ಇರಲಿ, ಮುಖ ನೋಡಿ ಕೇಳು ಎಂದಿದ್ದಳು, ನೋಡುತ್ತಿದ್ದೇನವ್ವ, ಬಂಗಾರಿಯ ಎರಡು ಕೈಯೂ ಮೇಜು ಬಿಟ್ಟು ಮೇಲೆದ್ದಿವೆ, ಮೇಷ್ಟ್ರು ಕಲಿಸಿದ ಎತ್ತರವಲ್ಲ ಇದು, ಇನ್ನೂ ಮೇಲೆ, ಒಬ್ಬಳ ನೆತ್ತಿಯಷ್ಟು ಎತ್ತರಕ್ಕೆ, ಬೆರಳುಗಳು ಗಾಳಿಯಲ್ಲಿ ಗಂಟಿನ ತುದಿ ಹುಡುಕುತ್ತಿವೆ — ನಿನ್ ಬಾಯಿ ಕಟ್ಟಿದ್ದು ಈ ಕೈಯೇ ಕಣೇ ಯವ್ವಾ, ಸಡ್ಲ ಕಟ್ಟೇ ಅಂದ್ರೂ ಕೇಳ್ದೆ ಎಳೆದ್ ಕಟ್ಟಿದ್ನಲ್ಲೇ, ನೋವಾಯ್ತೇನೇ, ಯವ್ವಾ, ನೋವಾಯ್ತೇನೇ. ಕೇಳಿದಳು, ಸುಮ್ಮನಾದಳು, ಎಣಿಸಲಿಲ್ಲ, ಉತ್ತರ ಕೊಡುವಷ್ಟು ಹೊತ್ತು ಕಾಯಬೇಕು, ಕೊಡಲಿ ಬಿಡಲಿ ಕಾಯಬೇಕು, ಕಾಯುತ್ತಿದ್ದಾಳೆ, ಬಾಗಿಲಲ್ಲಿ ಅವ್ವ ಕೇಳಿಸಿಕೊಂಡಳು, ಕೇಳಿಸಿಕೊಂಡದ್ದು ಕಣ್ಣಿನಲ್ಲಿ ಕಂಡಿತು, ಹೇಳುವುದಕ್ಕೆಂದು ಗದ್ದ ಕೆಳಗೆ ಸರಿಯಿತು, ಸ್ವಲ್ಪವೇ ಸರಿಯಿತು, ಬಟ್ಟೆ ಬಿಗಿಯಿತು, ನೆತ್ತಿಯ ಮೇಲೆ ಗಂಟು, ಬಿಳಿ ಗಂಟು, ಅವಳೇ ಹಾಕಿದ ಗಂಟು, ಅತ್ತ ಮೇಲೆ ಮಗಳೇ ಬಿಚ್ಚಬೇಕಾದ ಗಂಟು —