ಹಾಲಿನ ನಂಟು

ಹೂಲಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಮಿಸಬಾಳ ಕೆನ್ನೆಗೆ ಬಣ್ಣ ಬಂದಿತ್ತು. ಪ್ರತಿ ಸಲ ಬೆಳಗಾವಿಯಲ್ಲಿ ರಕ್ತ ಹಾಕಿಸಿಕೊಂಡು ಬಂದ ಹೊಸತರಲ್ಲಿ ಆ ಹುಡುಗಿ ಓಣಿ ತುಂಬ ಓಡುತ್ತಿದ್ದಳು. ತಿಂಗಳು ತುಂಬುವಷ್ಟರಲ್ಲಿ ಮತ್ತೆ ಗೋಡೆಗೆ ಒರಗಿ ಕೂರುತ್ತಿದ್ದಳು. ಹುಟ್ಟಿನಿಂದಲೇ ಅವಳ ಮೈ ಸರಿಯಾದ ರಕ್ತ ತಯಾರಿಸುತ್ತಿರಲಿಲ್ಲ.

ಈ ಸಲ ಡಾಕ್ಟರು ಹೊಸದೊಂದು ಮಾತು ಹೇಳಿ ಕಳಿಸಿದ್ದರು: ಜೀನ್ ಚಿಕಿತ್ಸೆ. ಇನ್ನೂ ಪ್ರಯೋಗದ ಹಂತದ್ದು. ಫಲಿಸಿದರೆ ರಕ್ತ ಹಾಕಿಸುವುದೇ ತಪ್ಪಬಹುದು. ಶುಕ್ರವಾರದೊಳಗೆ ಉತ್ತರ ಬೇಕು.

"ಬ್ಯಾಡ," ಎಂದಳು ಅಜ್ಜಿ ಖೈರುನಬಿ. "ಯಾರದೋ ಜೀನ್ ಮೈಯಾಗ ಹಾಕಿದ್ರ ಈಕಿ ಯಾರ ಮಗಳಾಗ್ತಾಳ?"

ಆ ಭಯಕ್ಕೆ ಬೇರಿತ್ತು. ಹಿಂದೆ ಅವಳು ನೆರೆಮನೆಯ ತಾಯಿಲ್ಲದ ಕೂಸಿಗೆ ಎದೆಹಾಲು ಕುಡಿಸಿದ್ದಳು. ಆ ಹುಡುಗಿಯನ್ನೇ ಮಗ ಮಕ್ತುಮನಿಗೆ ತಂದುಕೋ ಎಂದು ಮಂದಿ ಅಂದಾಗ, "ನನ್ನ ಹಾಲು ಕುಡದಾಳ, ಅವಗ ತಂಗಿ ಆಕಿ" ಎಂದು ಮಾತು ಮುಗಿಸಿದ್ದಳು. ಒಂದೇ ಎದೆಹಾಲು ಕುಡಿದವರು ಮದುವೆಯಾಗುವಂತಿಲ್ಲ, ಧರ್ಮದ ಕಟ್ಟಳೆ ಅದು. ಹಾಲೇ ಇಂಥ ನಂಟು ಕಟ್ಟುವುದಾದರೆ ಜೀನ್ ಬಿಟ್ಟೀತೇ?

ಮಿಸಬಾಳ ಅಪ್ಪ, ಹತ್ತಿ ಗಾದಿ ಹೊಲಿಯುವ ಮಕ್ತುಮ, "ಅವ್ವ ಹೂಂ ಅಂದ್ರ ನಂದೂ ಹೂಂ" ಎಂದು ತಲೆ ತಗ್ಗಿಸಿದ. ಸೊಸೆ ನಸೀಮಾ ಕಣ್ಣೊರೆಸಿಕೊಂಡು, "ಅತ್ತಿ, ಸವದತ್ತಿ ಮೌಲಾನಾರನ್ನರ ಕೇಳೂಣು ಬರ್ರಿ" ಎಂದಳು.

ಸವದತ್ತಿಯಲ್ಲಿ ಮೌಲಾನಾ ಎಲ್ಲವನ್ನೂ ಕೇಳಿಸಿಕೊಂಡರು. "ನನಗೂ ಇದು ಹೊಸಾದು. ತಿಳೀದ ಹೆಂಗ ಹೇಳಲಿ? ಡಾಕ್ಟರಿಗೆ ಫೋನ್ ಹಚ್ಚು, ಮಕ್ತುಮ."

ಡಾಕ್ಟರ ದನಿ ಎಲ್ಲರಿಗೂ ಕೇಳಿಸಿತು. "ಮತ್ತೊಬ್ಬರದು ಹಾಕೂದಿಲ್ಲ ಅಜ್ಜಿ. ರಕ್ತ ಹುಟ್ಟಿಸೋ ಆಕಿ ಕಣಾನ ತೆಗೆದು, ತಪ್ಪಿದ್ದನ್ನ ಸರಿ ಮಾಡಿ ಆಕಿಗೇ ವಾಪಸ್ ಕೊಡತೇವಿ. ಈ ತಿದ್ದುಪಡಿ ಮುಂದ ಆಕಿ ಮಕ್ಕಳಿಗೆ ದಾಟೂದಿಲ್ಲ."

"ಹಂಗಂದ್ರ ಗಾದಿ ಬಿಚ್ಚಿ, ಅದ ಹತ್ತೀನ ಹಿಂಜಿ, ಅದ ಗಾದಿಗೆ ತುಂಬಿದಂಗ!" ಎಂದ ಮಕ್ತುಮ.

"ನಿನಗ ಜಗತ್ತೆಲ್ಲಾ ಗಾದೀನ," ಎಂದು ಗದರಿದರೂ ಖೈರುನಬಿಯ ಹಣೆಯ ಗಂಟು ಸಡಿಲಾಯಿತು. "ಆದ್ರೂ ಮೌಲಾನಾ, ಅಲ್ಲಾ ಮಾಡಿದ್ದನ್ನ ನಾವು ತಿದ್ದಬಹುದೇನ್ರಿ?"

"ಚಂದ ಕಾಣ್ಲಿ ಅಂತ ತಿದ್ದಾಕ ಹೊಂಟಿದ್ರ ನಾನ ತಡೀತಿದ್ದೆ. ವಂಶ ಕಲಸೂ ಹಂಗಿದ್ರೂ ತಡೀತಿದ್ದೆ. ಇದು ಇಲಾಜು, ರೋಗಕ್ಕ ಮದ್ದು. ಇಲಾಜು ಮಾಡ್ಕೊಳ್ರಿ ಅಂತ ಪ್ರವಾದಿಗಳೇ ಹೇಳ್ಯಾರ. ಆದ್ರ ಲಾಭಕ್ಕಿಂತ ಅಪಾಯ ಹೆಚ್ಚಿದ್ರ ಬ್ಯಾಡ. ಅದನ್ನ ಡಾಕ್ಟರಿಗೆ ಕೇಳ್ರಿ." ಅವರು ನಕ್ಕರು. "ಅಂದಂಗ, ಹೋದ ವರ್ಷ ಕಣ್ಣಿನ ಪೊರಿ ತೆಗಸಾಕ ಹೋದಾಗ ನನ್ನ ಕೇಳಲೇ ಇಲ್ಲಲ್ಲ?"

"ಆವಾಗ ನೀವು ನನಗ ಕಾಣ್ತಿದ್ದಿಲ್ಲಲ್ರಿ!"

ನಗು ಇಳಿದ ಮೇಲೆ ಖೈರುನಬಿ ಫೋನನ್ನು ಹತ್ತಿರ ಎಳೆದುಕೊಂಡಳು. "ಡಾಕ್ಟರ್, ಕೂಸಿಗೆ ಏನೇನ ಆಗಬಹುದು? ಒಂದೂ ಮುಚ್ಚಬ್ಯಾಡ್ರಿ."

ಅವರು ಮುಚ್ಚಲಿಲ್ಲ. ಕಟುವಾದ ಔಷಧಿ, ವಾರಗಟ್ಟಲೆ ಒಂದೇ ಕೋಣೆ, ಮುಂದೆ ಮಕ್ಕಳಾಗುವುದಕ್ಕೆ ತೊಂದರೆಯಾಗುವ ಸಾಧ್ಯತೆ, ಫಲಿಸದೆಯೂ ಹೋಗಬಹುದು. ಆ ಅಪಾಯಗಳನ್ನು ಕಡಿಮೆ ಮಾಡಲು ಏನೇನು ಮಾಡುತ್ತಾರೆಂಬುದನ್ನೂ ಹೇಳಿದರು. ಅಜ್ಜಿ ಎರಡೆರಡು ಸಲ ಕೇಳಿ ತಿಳಿದುಕೊಂಡಳು. ಆಮೇಲೆ ಫೋನನ್ನು ಮಗನಿಗೆ ಕೊಡದೆ ಸೊಸೆಯ ಕೈಗಿಟ್ಟಳು.

"ಹೆತ್ತಾಕಿ ನೀನು. ನೀ ಹೇಳು."

ನಸೀಮಾ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಹೂಂ ರೀ ಡಾಕ್ಟರ್," ಎಂದಳು, "ಕರ್ಕೊಂಡು ಬರತೇವಿ."

ಖೈರುನಬಿ, ಕೆಲಸ ಶುರುಮಾಡುವ ಮುಂಚೆ ಅನ್ನುವ ಹಾಗೆ, "ಬಿಸ್ಮಿಲ್ಲಾ" ಎಂದಳು.